ಗುಡ್ಡೆ ಹಾಕಿದ್ರೆ ಚಾನೆಲ್ ಆಗಲ್ಲ



ಉದ್ದದ ಪೋಸ್ಟು. ಪುರಸೊತ್ತಾದಾಗ ಓದಿ. ಓದದೇನೇ ಕೆಳಗೆ ಬಂದು “ಸೂಪರ್ ಅಣ್ಣ” ಅಂತ ಮಾತ್ರ ಹಾಕಬೇಡಿ, ಇದು ಸೂಪರ್ ಅನ್ನೋ ವಿಷಯ ಅಲ್ಲ.

ಕಳೆದ ಭಾನುವಾರ ಚನ್ನಪಟ್ಟಣದಲ್ಲಿ ನಮ್ಮ ಗೆಳೆಯರ ಸಭೆ ಇತ್ತು. ಚರ್ಚೆ ಏನಂದ್ರೆ, ನಮ್ಮ ಯೂಟ್ಯೂಬ್ ಚಾನೆಲ್ ಯಾಕೆ ಬೆಳೀತಿಲ್ಲ. ಆರು ವರ್ಷ ಆಯ್ತು, ಸಬ್‌ಸ್ಕ್ರೈಬರ್ ಎರಡು ಸಾವಿರ ಚಿಲ್ಲರೆಯಲ್ಲೇ ನಿಂತಿದಾರೆ. ಒಬ್ಬರು ಹೊಸ ಕ್ಯಾಮೆರಾ ಬೇಕು ಅಂದರು. ಇನ್ನೊಬ್ಬರು ಕಾಲರ್ ಮೈಕು ಅಂದರು. ಒಬ್ಬ ತಮ್ಮ ದಿನಕ್ಕೆ ಎರಡು ಶಾರ್ಟ್ಸ್ ಬಿಡೋಣ ಅಂದ. ಎಲ್ಲಾ ಸೇರಿ 38,000 ರೂಪಾಯಿ ಲೆಕ್ಕ ಬೋರ್ಡಿನ ಮೇಲೆ ಬಂತು. ತಲೆಗೆ ಇಷ್ಟು ಅಂತ ಹಂಚೋಕೂ ಶುರು ಮಾಡಿದರು. ಆಗ ನಾನು ಎದ್ದು, “ಒಂದು ರೂಪಾಯಿನೂ ಬೇಡ. ಈಗಾಗಲೇ ಇರೋ 412 ವಿಡಿಯೋನ ವಿಷಯವಾರು ಪ್ಲೇಲಿಸ್ಟ್ ಮಾಡಿ ಜೋಡಿಸೋಣ, ಆಮೇಲೆ ಕ್ಯಾಮೆರಾ ಮಾತಾಡೋಣ” ಅಂದೆ.

ನಗಾಡಿದರು. “ಅಣ್ಣಂದು ಗುಮಾಸ್ತ ಬುದ್ಧಿ, ಯೂಟ್ಯೂಬಲ್ಲೂ ಫೈಲ್ ಕಟ್ತೀನಿ ಅಂತವ್ರೆ” ಅಂದ ಒಬ್ಬ ಹುಡುಗ. ಹಿರಿಯರೊಬ್ಬರು ಗಂಭೀರವಾಗೇ ಹೇಳಿದರು: “ಇದೆಲ್ಲ ವ್ಯೂಸ್ ಹೆಚ್ಚಿಸಿಕೊಳ್ಳೋ ಮಾರ್ಕೆಟಿಂಗ್ ಕಣಪ್ಪ. ನಮ್ದು ಚಳವಳಿ.” ಅವತ್ತು ನಾನು ಸುಮ್ಮನೆ ಕೂತೆ. ಸಿಟ್ಟು ಬಂದಾಗ ನನಗೆ ಮಾತು ಬರಲ್ಲ, ಬರೆಯೋಕೆ ಬರುತ್ತೆ. ಅದಕ್ಕೆ ಇಲ್ಲಿ ಬರೀತಿದೀನಿ.

ಹೌದು, ನಾನು ಗುಮಾಸ್ತ. ಹತ್ತೊಂಬತ್ತು ವರ್ಷದಿಂದ ಕಡತ ಕಟ್ಟೋದೇ ನನ್ನ ಅನ್ನ. ಕಚೇರಿಯಲ್ಲಿ ಬಡವನ ಅರ್ಜಿಯನ್ನ ಕೊಲ್ಲಬೇಕು ಅಂದ್ರೆ ತಿರಸ್ಕರಿಸಬೇಕಾಗಿಲ್ಲ, ಹರಿದು ಹಾಕಬೇಕಾಗಿಲ್ಲ. ಬೇರೆ ಕಡತದೊಳಗೆ ಸೇರಿಸಿ ಟ್ಯಾಗು ಬಿಗಿದರೆ ಸಾಕು. ಕಾಗದ ಇರುತ್ತೆ, ಸಿಗಲ್ಲ. ಕೇಳಿದರೆ “ಇದೆ, ಹುಡುಕಬೇಕು” ಅಂತಾರೆ. ಈ ವಿದ್ಯೆಗೆ ಬಲಿಯಾದವರು ಯಾರು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾ? ಈಗ ನಮ್ಮ ಜನಕ್ಕೆ ನಾವೇ ಅದನ್ನ ಮಾಡ್ತಿದೀವಿ ಅಂತ ನನ್ನ ಆರೋಪ. ಸುಮ್ಮನೆ ಹೇಳ್ತಿಲ್ಲ, ಒಂದು ಪ್ರಕರಣ ಇಟ್ಟು ಹೇಳ್ತೀನಿ.

ನಮ್ಮ ತಾಲ್ಲೂಕಿನ ಒಂದು ಊರಿನ ಹಿರಿಯರು. ಹೆಸರು ಬೇಡ, ಊರೂ ಬೇಡ. ಅವರ ತಂದೆಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು, ಸಾಗುವಳಿ ಚೀಟಿ ಇವತ್ತಿಗೂ ಟ್ರಂಕಿನಲ್ಲಿದೆ. ಎಂಬತ್ತರ ದಶಕದಲ್ಲಿ ಸಾಲಕ್ಕೋ ಮದುವೆಗೋ ಬರೆದುಕೊಟ್ಟರು. ಪಹಣಿ ಬೇರೆಯವರ ಹೆಸರಿಗೆ ಹೋಯ್ತು. ಇಂಥ ಜಮೀನಿಗೇ ಅಂತ ದೇವರಾಜ ಅರಸು ಕಾಲದಲ್ಲಿ ಬಂದದ್ದು 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದ್ದರೆ ಅದು ಸಿಂಧುವಲ್ಲ, ಎ.ಸಿ. ಮುಂದೆ ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಹೊಸ ಹೆದ್ದಾರಿ ಬಂದಮೇಲೆ ಈ ಕಡೆ ಜಮೀನಿನ ರೇಟು ಏನಾಗಿದೆ ಅಂತ ನಿಮಗೆ ಗೊತ್ತು. 2024ರಲ್ಲಿ ಹಿರಿಯರಿಗೂ ಆಸೆ ಚಿಗುರಿತು, ಅರ್ಜಿ ಹಾಕೋಣ ಅಂದುಕೊಂಡರು. ಮೊಮ್ಮಗ ಫೋನಲ್ಲಿ ಪಿಟಿಸಿಎಲ್ ಅಂತ ಹುಡುಕಿದ. ಸಿಕ್ಕಿದ್ದು ನಮ್ಮ ಚಾನೆಲ್ಲಿನದೇ ವಿಡಿಯೋ. 2018ರದು, ವಕೀಲರೊಬ್ಬರು ಮಾತಾಡಿದ್ದು. ಆಗಷ್ಟೇ, 2017ರ ಅಕ್ಟೋಬರಿನಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು: ಬಹಳ ವರ್ಷ ತಡವಾಗಿ ಹಾಕಿದ ಅರ್ಜಿ ನಿಲ್ಲಲ್ಲ, ಸಮಂಜಸ ಕಾಲದೊಳಗೆ ಹಾಕಬೇಕು ಅಂತ. ವಕೀಲರು ಅದನ್ನೇ ವಿವರಿಸಿದ್ದರು. ಅವತ್ತಿಗೆ ಅದು ಸರಿಯಾದ ಮಾತು.

ಅಜ್ಜ, ಮೊಮ್ಮಗ ಇಬ್ಬರೂ ಕೂತು ನೋಡಿದರು. ಮುಗೀತು ಅಂದುಕೊಂಡರು. ಹದಿನೈದು ದಿನಕ್ಕೆ ಬ್ರೋಕರು ಬಂದ. ಛಾಪಾ ಕಾಗದದ ಮೇಲೆ “ನಮ್ಮದೇನೂ ತಕರಾರಿಲ್ಲ” ಅಂತ ಬರೆಸಿ ಸಹಿ ಹಾಕಿಸಿಕೊಂಡು ಹೋದ. ಕೊಟ್ಟ ದುಡ್ಡು ಎಷ್ಟು ಅಂತ ಬರೆಯೋಕೆ ನನಗೆ ನಾಚಿಕೆ ಆಗುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು. ನಾನು “ಯಾಕ್ ದೊಡ್ಡಪ್ಪ ಒಂದು ಮಾತು ಕೇಳಬಾರದಾಗಿತ್ತಾ” ಅಂದೆ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: “ನಿಮ್ ಚಾನಲ್ಲೇ ಹೇಳ್ತಲ್ಲಪ್ಪ ಮುಗುದೋಗದೆ ಅಂತ. ಇನ್ಯಾರ್ನ ಕೇಳನೆ?”

ಈಗ ಕೇಳಿ. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಯ್ತು. ಅರ್ಜಿ ಹಾಕೋಕೆ ಕಾಲಮಿತಿ ಅಡ್ಡ ಬರಬಾರದು ಅಂತ 5ನೇ ಸೆಕ್ಷನ್ನಿಗೆ ಸೇರಿಸಿದರು. ಸುಮ್ಮನೆ ಬಂದದ್ದಲ್ಲ ಅದು, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತು ತಂದದ್ದು. ನಮ್ಮಲ್ಲೂ ಕೆಲವರು ಹೋಗಿ ಕೂತಿದ್ದರು. ಗೆದ್ದ ದಿನ ನಾವು ವಿಡಿಯೋ ಮಾಡಿದ್ವಿ. 14 ನಿಮಿಷದ ವಿಡಿಯೋ, ತಿದ್ದುಪಡಿ ಏನು, ಯಾರು ಅರ್ಜಿ ಹಾಕಬಹುದು, ಯಾವ ದಾಖಲೆ ಬೇಕು, ಎಲ್ಲಾ ಇದೆ. ನಮ್ಮ ಚಾನೆಲ್ಲಿನಲ್ಲೇ ಇದೆ. ಅದರ ಶೀರ್ಷಿಕೆ ಏನು ಗೊತ್ತಾ? “ಐತಿಹಾಸಿಕ ಗೆಲುವು!! ಜೈಭೀಮ್ 🔥🔥”. ಪಿಟಿಸಿಎಲ್ ಅನ್ನೋ ಅಕ್ಷರ ಇಲ್ಲ. ಜಮೀನು ಅನ್ನೋ ಪದ ಇಲ್ಲ. ಹಳೇ ವಿಡಿಯೋ ಕೆಳಗೆ ಇದರ ಲಿಂಕು ಇಲ್ಲ. ಎರಡನ್ನೂ ಜೋಡಿಸಿದ ಪಟ್ಟಿ ಇಲ್ಲ. ಇದೆ, ಹುಡುಕಬೇಕು!

ಅರ್ಜಿ ಹಾಕಿದ್ದರೆ ಅವರು ಗೆದ್ದುಬಿಡ್ತಿದ್ದರು ಅಂತ ನಾನು ಹೇಳ್ತಿಲ್ಲ. ತಿದ್ದುಪಡಿ ಆದಮೇಲೂ ವಿಳಂಬದ ಪ್ರಶ್ನೆ ಹೈಕೋರ್ಟಿನಲ್ಲಿ ಮತ್ತೆ ಎದ್ದಿದೆ, ತಿದ್ದುಪಡಿಯೊಂದೇ ಸಾಲದು ಅನ್ನೋ ತೀರ್ಪೂ ಬಂದಿದೆ. ಅಂದ್ರೆ ಕಥೆಗೆ ಮೂರನೇ ಭಾಗ ಇದೆ, ನಾವು ಅದರ ವಿಡಿಯೋ ಇನ್ನೂ ಮಾಡೇ ಇಲ್ಲ. ಆದರೆ ಕನಿಷ್ಠ ಒಬ್ಬ ಒಳ್ಳೇ ವಕೀಲರ ಹತ್ತಿರ ಹೋಗಬೇಕು ಅನ್ನೋ ಧೈರ್ಯ ಬರ್ತಿತ್ತು. ಆ ಧೈರ್ಯವನ್ನ ಕಿತ್ತುಕೊಂಡದ್ದು ಬ್ರೋಕರ್ ಅಲ್ಲ. ಬ್ರೋಕರ್ ಬರೋ ಹೊತ್ತಿಗೆ ಕೆಲಸ ಆಗಿಹೋಗಿತ್ತು.

ಈಗ ಹೇಳಿ, ಇದು ಮಾರ್ಕೆಟಿಂಗಾ?

ನಮ್ಮ ಚಾನೆಲ್ಲನ್ನ ಒಂದು ಸಲ ಹೊಸಬರ ಹಾಗೆ ತೆರೆದು ನೋಡಿ. ನಾನು ಮೂರು ರಾತ್ರಿ ಕೂತು ಪೂರ್ತಿ ನೋಡಿದೆ. “ಬೆಂಕಿ ಭಾಷಣ” ಅನ್ನೋ ಶೀರ್ಷಿಕೆಯ ವಿಡಿಯೋ ಹನ್ನೊಂದು ಇವೆ, ಯಾರ ಬೆಂಕಿ, ಯಾವ ವಿಷಯಕ್ಕೆ ಅಂತ ಇಲ್ಲ. “ವಿಚಾರ ಸಂಕಿರಣ ಭಾಗ 2” ಇದೆ, ಭಾಗ 1 ಎಂಟು ತಿಂಗಳ ಹಿಂದೆ ಬೇರೆ ಹೆಸರಿನಲ್ಲಿದೆ, ಭಾಗ 3 ಯಾರೋ ತಮ್ಮ ಸ್ವಂತ ಚಾನೆಲ್ಲಿಗೆ ಹಾಕಿಕೊಂಡವ್ರೆ. ಕೆಲವಕ್ಕೆ ಹೆಸರೇ ಇಟ್ಟಿಲ್ಲ, ಫೋನು ಕೊಟ್ಟ ಅಂಕಿಸಂಖ್ಯೆಯೇ ಹೆಸರು. ಕವಿ ಸಿದ್ಧಲಿಂಗಯ್ಯ ನಮ್ಮ ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು, 2021ರ ಜೂನ್ 11ರಂದು ತೀರಿಕೊಂಡರು. ಅವರ ಹೆಸರಲ್ಲಿ ನಮ್ಮಲ್ಲಿ ಒಂಬತ್ತು ವಿಡಿಯೋ ಇವೆ. ಒಂಬತ್ತೂ ಶ್ರದ್ಧಾಂಜಲಿ ಸಭೆಯವು. ಅದರಲ್ಲಿ ಆರರಲ್ಲಿ ಭಾಷಣಕಾರರು ತಮ್ಮ ಬಗ್ಗೇನೇ ಮಾತಾಡವ್ರೆ. ಕವಿಯೇ ಮಾತಾಡಿದ ಒಂದು ಹಳೇ ರೆಕಾರ್ಡಿಂಗ್ ಇದೆ, ಗೆಳೆಯರೊಬ್ಬರು ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟದ್ದು. ಅದು “ಹಳೇ ನೆನಪು” ಅನ್ನೋ ಹೆಸರಲ್ಲಿ 61 ಜನ ನೋಡಿ ಮಲಗಿದೆ.

ಜೋಡಿಸದೆ ಬಿಟ್ಟರೆ ಏನಾಗುತ್ತೆ? ಜೋಡಣೆ ಇಲ್ಲದೆ ಇರಲ್ಲ. ಬೇರೆಯವರು ಜೋಡಿಸ್ತಾರೆ. ನಮ್ಮ 2018ರ ಆ ವಿಡಿಯೋ ಮುಗಿದಮೇಲೆ ಮೊಮ್ಮಗನ ಫೋನಿನಲ್ಲಿ ಮುಂದೆ ಏನು ಬಂತು ಅಂತ ಅವನನ್ನೇ ಕೇಳಿದೆ. ನೆನಪಿಟ್ಟುಕೊಂಡಿದ್ದ: ಪಿಟಿಸಿಎಲ್ ಜಮೀನನ್ನ “ಸೇಫಾಗಿ” ಕೊಳ್ಳೋದು ಹೇಗೆ ಅಂತ ಯಾರೋ ರಿಯಲ್ ಎಸ್ಟೇಟಿನವರು ಮಾಡಿದ ವಿಡಿಯೋ. ಕಂಪನಿಯ ಯಂತ್ರಕ್ಕೆ ಎರಡೂ ಒಂದೇ, ಎರಡರಲ್ಲೂ ಅದೇ ಪದ ಇದೆಯಲ್ಲ. ಅದು ನಮ್ಮ ಶತ್ರು ಅಂತ ಹೇಳ್ತಿಲ್ಲ. ಅದಕ್ಕೆ ನಾವು ಯಾರು, ಅವರು ಯಾರು ಅನ್ನೋದು ಗೊತ್ತಿಲ್ಲ, ನೋಡೋನು ಇನ್ನೂ ಹತ್ತು ನಿಮಿಷ ಫೋನು ಬಿಡಬಾರದು ಅನ್ನೋದಷ್ಟೇ ಗೊತ್ತು. ಜಮೀನು ಕಳಕೊಂಡವನನ್ನ ಜಮೀನು ಹೊಡೆಯೋನ ಪಾಠಕ್ಕೆ ಕರಕೊಂಡು ಹೋಗಿ ಕೂರಿಸಿದ್ದು ನಮ್ಮ ವಿಡಿಯೋ. ನಾವು ಬಾಗಿಲು ತೆಗೆದು, ಒಳಗೆ ದಾರಿ ತೋರಿಸದೆ ಬಿಟ್ಟಿದ್ದಕ್ಕೆ.

ನಮ್ಮ ಊರಿನವರಿಗೆ ಇದು ಅರ್ಥ ಆಗಬೇಕು. ಮೊದಲು ಬೆಂಗಳೂರು-ಮೈಸೂರು ರಸ್ತೆ ಊರೊಳಗೇ ಹೋಗ್ತಿತ್ತು. ಕಾರು ನಿಲ್ಲಿಸೋರು, ಬೊಂಬೆ ಕೊಳ್ಳೋರು, ಕಾಫಿ ಕುಡಿಯೋರು. 2023ರಲ್ಲಿ ಎಕ್ಸ್‌ಪ್ರೆಸ್ ವೇ ಆಯ್ತು, ಬೈಪಾಸು ಊರನ್ನ ಬದಿಗಿಟ್ಟು ಹೋಯ್ತು. ಬೊಂಬೆ ಅದೇ, ಅರಗಿನ ಬಣ್ಣ ಅದೇ, ಮಾಡೋ ಕೈ ಅದೇ. ಅಂಗಡಿಯೋರು ಇವತ್ತು ನೊಣ ಹೊಡೀತಾವ್ರೆ. ಅವರ ಹತ್ತಿರ ಹೋಗಿ “ನೀವು ಇನ್ನೂ ಒಳ್ಳೇ ಬೊಂಬೆ ಮಾಡಿ, ಜನ ತಾವೇ ಬರ್ತಾರೆ” ಅಂತ ಹೇಳ್ತೀರಾ? ಹೇಳಿ ನೋಡಿ, ಬೊಂಬೆಯಲ್ಲೇ ಹೊಡೀತಾರೆ. ಅವರು ಕೇಳ್ತಿರೋದು ಇಳಿಯೋಕೆ ಒಂದು ದಾರಿ, ಒಂದು ಬೋರ್ಡು. ನಮ್ಮ ಚಾನೆಲ್ಲಿಗೆ ಬೇಕಾದದ್ದೂ ಅದೇ. ಅವರಿಗೆ ಅದನ್ನ ಸರ್ಕಾರ ಕೊಡಬೇಕು, ನಮಗೆ ನಾವೇ ಮಾಡಿಕೊಳ್ಳಬಹುದು, ದುಡ್ಡಿಲ್ಲದೆ.

ಶಾರ್ಟ್ಸ್ ತಮ್ಮನಿಗೆ ಎರಡು ಮಾತು. ನೀನು 40 ಸೆಕೆಂಡಿನ ಸಿಟ್ಟನ್ನ ಕತ್ತರಿಸಿ ಬಿಡ್ತೀಯ, ಇಪ್ಪತ್ತು ಸಾವಿರ ಜನ ನೋಡ್ತಾರೆ, ನಿಜ. ನೋಡಿ ಮುಂದಕ್ಕೆ ತಳ್ತಾರೆ. ನೀನು ಆಸೆಪಡೋ ಜಾಹೀರಾತಿನ ದುಡ್ಡಿಗೂ 1,000 ಸಬ್‌ಸ್ಕ್ರೈಬರ್ ಜೊತೆ ವರ್ಷಕ್ಕೆ 4,000 ಗಂಟೆ ನೋಡಿರಬೇಕು ಅಂತ ನಿಯಮ ಇದೆ, ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಆ ಗಂಟೆಗೆ ಸೇರಲ್ಲ. ಬರೀ ಶಾರ್ಟ್ಸಿನಿಂದ ಆಗಬೇಕಂದ್ರೆ 90 ದಿನದಲ್ಲಿ ಒಂದು ಕೋಟಿ ನೋಟ ಬೇಕು. ಬಿಡು, ದುಡ್ಡು ನನ್ನ ವಾದ ಅಲ್ಲ. ಶಾರ್ಟ್ಸ್ ಬೇಡ ಅಂತಲೂ ಅಲ್ಲ. ಕರೆಗಂಟೆ ಒತ್ತಿ ಓಡಿಹೋಗೋ ಹುಡುಗರ ಹಾಗೆ ಮಾಡಬೇಡ ಅಂತ. ಗಂಟೆ ಒತ್ತಿದ್ದೀಯ ಅಂದಮೇಲೆ ಬಾಗಿಲಲ್ಲಿ ನಿಂತು ಮಾತಾಡು, ಶಾರ್ಟ್ಸಿನಿಂದ ಪೂರ್ತಿ ವಿಡಿಯೋಗೆ ಲಿಂಕು ಕೊಡು, ಪೂರ್ತಿ ವಿಡಿಯೋನ ಪಟ್ಟಿಯೊಳಗೆ ಇಡು.

ಇನ್ನು ಹಿರಿಯರಿಗೆ. ಸಾರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಜೋಡಿಸೋದು ವ್ಯಾಪಾರ, ಹೇಳೋದು ಮಾತ್ರ ಚಳವಳಿ ಅಂತ ನಮಗೆ ಯಾರು ಹೇಳಿಕೊಟ್ಟರು? ಬಾಬಾಸಾಹೇಬರಂತೂ ಅಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅವರನ್ನ ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿ ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರಲ್ಲ. ಮಾಡದೇ ಉಳಿದ ಆ ಭಾಷಣವೇ ‘ಜಾತಿ ವಿನಾಶ’. ಬಾಬಾಸಾಹೇಬರು ತಮ್ಮ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಭಾಷಣ ಒಂದನ್ನೇ ಅಚ್ಚು ಹಾಕಿ ಕೈ ತೊಳ್ಕೊಳ್ಳಲಿಲ್ಲ. ಮುಂದೆ ಮಂಡಲದವರ ಜೊತೆ ನಡೆದ ಪತ್ರಗಳನ್ನ ಇಟ್ಟರು, ಆಮೇಲೆ ಭಾಷಣ. ಗಾಂಧಿ ‘ಹರಿಜನ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. 1937ರ ಎರಡನೇ ಮುದ್ರಣದಲ್ಲಿ ಗಾಂಧಿ ಬರೆದದ್ದನ್ನೂ ಸೇರಿಸಿದರು, ಅದರ ಹಿಂದೆ ತಮ್ಮ ಉತ್ತರ ಇಟ್ಟರು. ಇವತ್ತು ಆ ಪುಸ್ತಕ ಕೈಗೆತ್ತಿಕೊಂಡವನಿಗೆ ಯಾರು ಕರೆದರು, ಯಾಕೆ ಬೇಡ ಅಂದರು, ಏನು ಹೇಳಬೇಕಾಗಿತ್ತು, ಎದುರಿನವರು ಏನಂದರು, ಅದಕ್ಕೆ ಉತ್ತರ ಏನು ಅನ್ನೋದು ಸಾಲಾಗಿ ಸಿಗುತ್ತೆ. ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಎದುರಾಳಿಯ ಮಾತನ್ನ ಪೂರ್ತಿ ಇಟ್ಟು ಆಮೇಲೆ ಉತ್ತರ ಕೊಡೋ ಧೈರ್ಯ ನೋಡಿ. ನಮ್ಮ ಯಾವ ಚಾನೆಲ್ಲಿನಲ್ಲಿದೆ ಅದು?

ಅವರು 1956ರ ಡಿಸೆಂಬರಿನಲ್ಲಿ ಹೋದಮೇಲೆ ಅವರ ಕೈಬರಹಗಳು ಪೆಟ್ಟಿಗೆಗಳಲ್ಲಿ ಎಷ್ಟೋ ವರ್ಷ ಬಿದ್ದಿದ್ದವು. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಮೊದಲ ಸಂಪುಟ ತಂತು. ಅದನ್ನ ಸಂಪಾದಿಸಿದ ವಸಂತ ಮೂನ್ ಸರ್ಕಾರಿ ನೌಕರಿ ಮಾಡಿಕೊಂಡಿದ್ದವರು. ಕನ್ನಡದಲ್ಲಿ ಇವತ್ತು ನಾವು ಸಂಪುಟ ನಂಬರು ಹೇಳಿ ವಾದ ಮಾಡ್ತೀವಲ್ಲ, ಅದು ಆ ಜೋಡಣೆಯ ಮೇಲೇ ನಿಂತಿರೋದು. ಅದಕ್ಕೇ ಗುಮಾಸ್ತ ಬುದ್ಧಿ ಅಂದದ್ದು ನನಗೆ ಬೈಗುಳ ಅನ್ನಿಸಲೇ ಇಲ್ಲ.

ಒಂದು ಎಚ್ಚರಿಕೆ ಇದೆ, ಅದನ್ನ ನನಗೆ ಹೇಳಿಕೊಟ್ಟದ್ದು ನಮ್ಮ ಗುಂಪಿನ ಅಕ್ಕ ಒಬ್ಬರು. ನಾನು ಮೊದಲು ಮಾಡಿದ ಪಟ್ಟಿ ತೋರಿಸಿದೆ: ಭೂಮಿ, ಮೀಸಲಾತಿ, ಅಂಬೇಡ್ಕರ್ ಜಯಂತಿ, ಹಾಡು, ಮಹಿಳೆಯರು. ಅಕ್ಕ ಕಣ್ಣಾಡಿಸಿ, “ನಾನು ಮಾತಾಡಿದ್ದು ಪಹಣಿ ಬಗ್ಗೆ ಅಲ್ವೇನಪ್ಪ, ನನ್ನನ್ಯಾಕೆ ಮಹಿಳೆಯರ ಸಾಲಿಗೆ ಹಾಕಿದೀಯ? ಇಲ್ಲೂ ಕೇರಿ ಮಾಡಿಟ್ಯಾ?” ಅಂದರು. ನಾನು ತಲೆ ತಗ್ಗಿಸಿದೆ. ಆ ಭಾಷಣ ನಮ್ಮಲ್ಲಿರೋ ಭೂಮಿ ವಿಡಿಯೋಗಳಲ್ಲೇ ಒಳ್ಳೇದು. ಈಗ ಅದು ಭೂಮಿ ಪಟ್ಟಿಯಲ್ಲಿ ಎರಡನೇದು. ಮಹಿಳೆಯರ ಪಟ್ಟಿಯಲ್ಲೂ ಇದೆ, ತಪ್ಪೇನಿಲ್ಲ. ಕಚೇರಿಯ ಕಾಗದ ಒಂದು ಕಡತದಲ್ಲೇ ಇರಬೇಕು, ವಿಡಿಯೋ ಹತ್ತು ಪಟ್ಟಿಯಲ್ಲಿ ಇರಬಹುದು. ಯಾರನ್ನ ಎಲ್ಲಿ ಕೂರಿಸ್ತೀವಿ ಅನ್ನೋದು ರಾಜಕೀಯವೇ. ಪಟ್ಟಿ ಮಾಡೋನು ಒಬ್ಬನೇ ಕೂತು ಮಾಡಬಾರದು.

ಒಳಮೀಸಲಾತಿ ವಿಷಯಕ್ಕೆ ಬಂದರೆ ಇದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಆ ವಿಷಯಕ್ಕೆ ಮೂವತ್ತಕ್ಕೂ ಹೆಚ್ಚು ವಿಡಿಯೋ ಇವೆ. ಸದಾಶಿವ ಆಯೋಗ 2005ರದು, ವರದಿ ಬಂದದ್ದು 2012ರಲ್ಲಿ. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ 6, 5.5, 4.5, 1 ಅಂತ ಹಂಚಿಕೆ ಹೇಳ್ತು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂತು. ನಾಗಮೋಹನ ದಾಸ್ ಆಯೋಗದ ಸಮೀಕ್ಷೆ, 2025ರ ಆಗಸ್ಟಿನಲ್ಲಿ ವರದಿ, ಅದೇ ತಿಂಗಳು ಸಂಪುಟದ 6, 6, 5 ತೀರ್ಮಾನ. ಪ್ರತಿ ಹಂತದಲ್ಲೂ ನಮ್ಮವರು ಸಿಟ್ಟಿನಲ್ಲಿ, ಸಂಕಟದಲ್ಲಿ, ಖುಷಿಯಲ್ಲಿ ಮಾತಾಡಿದಾರೆ. 2023ರ ಮಾತನ್ನ 2025ರಲ್ಲಿ ನೋಡಿದವನು ಅದು ನಿನ್ನೆಯದು ಅಂದ್ಕೊಂಡು ಎಡಗೈಯೋರು ಬಲಗೈಯೋರನ್ನ, ಬಲಗೈಯೋರು ಎಡಗೈಯೋರನ್ನ ಬೈಕೊಂಡು ವಾಟ್ಸಾಪಿನಲ್ಲಿ ಹಂಚ್ತಾವ್ರೆ. ಯಂತ್ರಕ್ಕೋ ಹಬ್ಬ. ಯಾವುದರ ಕೆಳಗೆ ಜಗಳ ಜಾಸ್ತಿಯೋ ಅದು ಮತ್ತಷ್ಟು ಜನಕ್ಕೆ ಹೋಗುತ್ತೆ. ಇದಕ್ಕೆ ನನ್ನ ಸಲಹೆ: ಒಂದೇ ಪಟ್ಟಿ, ಹಳೇದು ಮೊದಲು, ಪ್ರತಿ ಶೀರ್ಷಿಕೆಯ ಮುಂದೆ ತಿಂಗಳು ವರ್ಷ. ಎರಡೂ ಕಡೆಯವರ ಮಾತು ಅದರಲ್ಲೇ ಇರಲಿ. ನಾನು ಯಾವ ಕಡೆಯವನು ಅಂತ ನಿಮಗೆಲ್ಲ ಗೊತ್ತು, ಆದರೂ ಹೇಳ್ತಿದೀನಿ. ನಮಗೆ ಹಿಡಿಸದವರ ವಿಡಿಯೋ ಬಿಟ್ಟು ಪಟ್ಟಿ ಮಾಡಿದರೆ ಅದು ಜೋಡಣೆ ಅಲ್ಲ, ಹೊರಗಿಡೋದು. ಹೊರಗಿಡೋದು ಹೇಗಿರುತ್ತೆ ಅಂತ ಗೊತ್ತಿರೋ ಜನ ನಾವು.

ಇನ್ನು ಮಾಡೋದು ಹೇಗೆ ಅಂತ ಕೇಳೋರಿಗೆ. ದೊಡ್ಡ ವಿದ್ಯೆ ಏನಲ್ಲ, ಫೋನಲ್ಲೇ ಆಗುತ್ತೆ, ಕಂಪ್ಯೂಟರಾದ್ರೆ ಬೇಗ ಆಗುತ್ತೆ. ಪಟ್ಟಿಯ ಹೆಸರು ನಮ್ಮ ಜನ ಹುಡುಕೋ ಪದದಲ್ಲಿರಲಿ. “ಭೂಮಿ ನಮ್ಮ ಉಸಿರು” ಅಂತ ಇಟ್ಟರೆ ಭಾಷಣ ಚೆನ್ನಾಗಿರುತ್ತೆ, ಹುಡುಕಿದವನಿಗೆ ಸಿಗಲ್ಲ. “ಪಿಟಿಸಿಎಲ್ ಜಮೀನು ವಾಪಸ್ ಪಡೆಯೋದು” ಅಂತಿಡಿ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಬರೀರಿ, ಯಾಕಂದ್ರೆ ಹುಡುಗರು ಒತ್ತೋದು ಅದನ್ನೇ. ಕ್ರಮವನ್ನ ಯೂಟ್ಯೂಬಿಗೆ ಬಿಡಬೇಡಿ. ಹೆಚ್ಚು ನೋಡಿದ್ದು ಮೊದಲು, ಹೊಸದು ಮೊದಲು ಅಂತೆಲ್ಲ ಆಯ್ಕೆ ಇದೆ, ಅದು ಬೇಡ. ಕೈಯಿಂದ ಜೋಡಿಸೋ ಆಯ್ಕೆ ಇಟ್ಟುಕೊಳ್ಳಿ. ಮೊದಲನೇ ವಿಡಿಯೋ ಏನೂ ಗೊತ್ತಿಲ್ಲದವನಿಗೆ, ಐದು ನಿಮಿಷ ಮೀರದ ಹಾಗೆ.

ಹಳೇ ವಿಡಿಯೋ ಅಳಿಸಬೇಡಿ, ಅದು ದಾಖಲೆ. ಶೀರ್ಷಿಕೆ ತಿದ್ದಿ: “ಹಳೆಯದು, 2023ರ ತಿದ್ದುಪಡಿಗೆ ಮೊದಲಿನದು”. ವಿವರಣೆಯ ಮೊದಲ ಸಾಲಲ್ಲೇ ಹೊಸದರ ಲಿಂಕು. ಇದೊಂದು ಕೆಲಸ ಎರಡು ವರ್ಷದ ಹಿಂದೆ ಮಾಡಿದ್ದರೆ ನಾನು ಇವತ್ತು ಈ ಪೋಸ್ಟು ಬರೀತಿರಲಿಲ್ಲ. ವಿಡಿಯೋದ ಕೊನೆಯ 20 ಸೆಕೆಂಡಿನಲ್ಲಿ ಪರದೆ ಮೇಲೆ ಪಟ್ಟಿ ತೋರಿಸೋ ಸೌಲಭ್ಯ ಇದೆ, ಅಲ್ಲಿ ಈಗ ನಾವು ನಾಯಕರ ಫೋಟೋ ಹಾಕ್ತಿದೀವಿ.

ಮುಖ್ಯವಾದ್ದು ಒಂದು ಮರೀಬೇಡಿ. ವಾಟ್ಸಾಪಿಗೆ ಬರೀ ವಿಡಿಯೋದ ಲಿಂಕು ಕಳಿಸಿದ್ರೆ ಪಟ್ಟಿ ಹೋಗಲ್ಲ, ಅದು ಮುಗಿದಮೇಲೆ ಮತ್ತೆ ರಿಯಲ್ ಎಸ್ಟೇಟಿನವನೇ ಬರ್ತಾನೆ. ಪಟ್ಟಿಯ ಪುಟ ತೆರೆದು ಅಲ್ಲಿಂದ ಶೇರ್ ಮಾಡಿ, ಲಿಂಕಿನೊಳಗೆ ‘ಲಿಸ್ಟ್’ ಅನ್ನೋ ಪದ ಇದೆಯಾ ನೋಡಿಕೊಳ್ಳಿ. ಆಗ ಒಂದು ಮುಗಿದ ಮೇಲೆ ನಾವಿಟ್ಟ ಮುಂದಿನದೇ ಬರುತ್ತೆ. ಚಾನೆಲ್ಲಿನ ಮುಖಪುಟದಲ್ಲಿ 12 ಸಾಲು ಇಡೋಕೆ ಜಾಗ ಇದೆ, ನಾವು ಒಂದನ್ನೂ ಬಳಸಿಲ್ಲ. ಆರು ಸಾಕು. ಮೇಲೆ ಭೂಮಿ.

ಬೇರೆ ಚಾನೆಲ್ಲಿನ ವಿಡಿಯೋನೂ ನಮ್ಮ ಪಟ್ಟಿಗೆ ಸೇರಿಸಬಹುದು. ಕನಕಪುರದ ಗೆಳೆಯರು, ರಾಮನಗರದವರು, ಕೋಲಾರದವರು ಇದೇ ವಿಷಯಕ್ಕೆ ನಮಗಿಂತ ಚೆನ್ನಾಗಿ ಮಾಡಿರೋದು ಎಷ್ಟೋ ಇದೆ. “ಅವರಿಗೆ ಯಾಕೆ ವ್ಯೂಸ್ ಕೊಡಬೇಕು” ಅಂತ ಸಭೆಯಲ್ಲಿ ಒಬ್ಬರು ಕೇಳಿದರಲ್ಲ. ಅದೇ ಬಾಯಲ್ಲಿ ವ್ಯೂಸ್ ಮುಖ್ಯ ಅಲ್ಲ, ಚಳವಳಿ ಮುಖ್ಯ ಅಂತಲೂ ಅಂದರು. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಿಕೊಂಡು ಬನ್ನಿ ಸಾರ್.

ಪಟ್ಟಿ ಮಾಡಿದ್ರೆ ಜನ ಮುಗಿಬೀಳ್ತಾರೆ ಅಂತ ನಾನು ಸುಳ್ಳು ಹೇಳಲ್ಲ. ಸಭೆಗೆ ಮೂರು ತಿಂಗಳು ಮೊದಲೇ, ಯಾರಿಗೂ ಹೇಳದೆ, ಭೂಮಿಯ 19 ವಿಡಿಯೋನ ಜೋಡಿಸಿಟ್ಟಿದ್ದೆ. ಸಬ್‌ಸ್ಕ್ರೈಬರ್ ಹೆಚ್ಚಾದದ್ದು 140. ಕ್ಯಾಮೆರಾ ಅಣ್ಣ ಇದನ್ನ ಓದಿ ನಗಬಹುದು. ಆದರೆ ಮೊದಲು ಒಂದು ವಿಡಿಯೋನ ಎರಡು ನಿಮಿಷ ನೋಡಿ ಹೋಗ್ತಿದ್ದರು, ಈಗ ಆ ಪಟ್ಟಿಗೆ ಬಂದವರಲ್ಲಿ ಅರ್ಧದಷ್ಟು ಜನ ಮೂರನೇ ವಿಡಿಯೋಗೆ ಹೋಗ್ತಾವ್ರೆ. ಮೂರನೇದು ಯಾವುದು ಅಂದ್ರೆ ಆ “ಐತಿಹಾಸಿಕ ಗೆಲುವು”, ಈಗ ಸರಿಯಾದ ಹೆಸರಲ್ಲಿ. ಅದರ ಕೆಳಗೆ ಮಾಗಡಿ ಕಡೆಯ ಒಬ್ಬ ಹೆಣ್ಣುಮಗಳು “ಸಾಗುವಳಿ ಚೀಟಿ ಕಳೆದುಹೋಗಿದ್ರೆ ಏನ್ಮಾಡೋದು ಅಣ್ಣ” ಅಂತ ಕೇಳಿದಾಳೆ. ಅದಕ್ಕೆ ಉತ್ತರ ನಮ್ಮಲ್ಲಿಲ್ಲ. ಹೊಸ ವಿಡಿಯೋ ಮಾಡಬೇಕಾದದ್ದು ಅದಕ್ಕೆ. ಜೋಡಿಸಿದಾಗಲೇ ಏನು ಇಲ್ಲ ಅಂತ ಗೊತ್ತಾಗೋದು.

ಆ ದೊಡ್ಡಪ್ಪನ ವಿಷಯ ಕೇಳ್ತೀರಿ ಅಂತ ಗೊತ್ತು. ಆ ಛಾಪಾ ಕಾಗದಕ್ಕೆ ಬೆಲೆ ಇದೆಯೋ ಇಲ್ಲವೋ ಅಂತ ವಕೀಲರಿಗೆ ತೋರಿಸಿದೀವಿ. ಅರ್ಜಿ ತಯಾರಾಗ್ತಿದೆ. ಟ್ರಂಕಿನಿಂದ ಸಾಗುವಳಿ ಚೀಟಿ ತೆಗೆಸಿ ಸ್ಕ್ಯಾನ್ ಮಾಡಿಸಿದೀನಿ. ಅವರು ಮಾತ್ರ ನನ್ನ ಮುಖ ನೋಡಿ ಸರಿಯಾಗಿ ಮಾತಾಡ್ತಿಲ್ಲ.

ಬರೋ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮತ್ತೆ ಅದೇ ಜಾಗದಲ್ಲಿ ಸೇರ್ತಿದೀವಿ. ಭಾಷಣ ಇಲ್ಲ. ಲ್ಯಾಪ್‌ಟಾಪ್ ಇರೋರು ತನ್ನಿ, ಇಲ್ಲದೋರು ಚಾರ್ಜ್ ಮಾಡಿದ ಫೋನು ತನ್ನಿ. 412ರಲ್ಲಿ 19 ಆಗಿದೆ, 393 ಉಳಿದಿದೆ. ಒಬ್ಬರಿಗೆ ಮೂವತ್ತು ಅಂತ ಹಂಚಿಕೊಂಡರೆ ಹದಿನಾಲ್ಕು ಜನ ಸಾಕು. ನೋಡಬೇಕು, ಯಾರು ಯಾವಾಗ ಏನು ಮಾತಾಡವ್ರೆ ಅಂತ ಒಂದು ರಿಜಿಸ್ಟರಿನಲ್ಲಿ ಬರೀಬೇಕು. ರಿಜಿಸ್ಟರು ನಾನು ತರ್ತೀನಿ, ಗುಮಾಸ್ತ ಅಲ್ವಾ. ಅಕ್ಕಂದಿರು ಬರಲೇಬೇಕು, ಹೋದ ಸಲದ ಹಾಗೆ ಊಟ ಬಡಿಸೋಕಲ್ಲ. ಊಟ ಹುಡುಗರು ತರ್ತಾರೆ. ನಗಾಡಿದ ತಮ್ಮನಿಗೆ “ಬೆಂಕಿ ಭಾಷಣ” ಹನ್ನೊಂದನ್ನೂ ಮೀಸಲಿಟ್ಟಿದೀನಿ.

ಜೈಭೀಮ್.